ಹಿಡಿಗೆ ಯಾವ ಎಣ್ಣೆ?

ಮನಗೂಳಿಯ ರಾಚಪ್ಪ ಹೊಲ ಉಳುವ ಒಕ್ಕಲಿಗನೇ ಸರಿ, ಆದರೆ ಕಟ್ಟಿಗೆ ಕಂಡರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಮೊಮ್ಮಗ ಕಲ್ಮೇಶ ನಡಿಗೆ ಕಲಿಯಲೆಂದು ಮೂರು ಗಾಲಿಯ ಸಾಗವಾನಿ ಬಂಡಿಯನ್ನು ಆಟದಂತೆ ಮಾಡಿ ಮುಗಿಸಿದ. ಅದರ ಹಿಡಿಗೆ ಏನು ಸವರಬೇಕು ಎನ್ನುವುದು ಮಾತ್ರ ಅವನ ನಿದ್ದೆ ತಿಂದಿತು.

ಹಲ್ಲು ಬರುತ್ತಿದ್ದ ಕೂಸು ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತಿತ್ತು. ಮೇಲಾಗಿ ಅದಕ್ಕೆ ಶೇಂಗಾ ಆಗಿಬರುತ್ತಿರಲಿಲ್ಲ. ಸಿಂದಗಿಯಲ್ಲಿ ಕೂಸಿನ ಅಪ್ಪನ ಮನೆಯವರು ಒಂದು ಚೂರು ಶೇಂಗಾ ಹೋಳಿಗೆ ತಿನ್ನಿಸಿದ್ದೇ ತಡ, ತುಟಿ ಬಾತು ಉಸಿರು ಸಿಕ್ಕಿಕೊಂಡಿತ್ತು. ಇನ್ನೊಮ್ಮೆ ಹೀಗಾದರೆ ನಾವು ಏನೂ ಹೇಳಲಾರೆವು ಎಂದಿದ್ದರು ವಿಜಯಪುರದ ಡಾಕ್ಟರು. ಆದರೆ ಶೇಂಗಾ ಇಲ್ಲದೆ ತುತ್ತು ಇಳಿಯದ ಸೀಮೆಯಲ್ಲಿ ಶೇಂಗಾ ವಿಷವೆಂದರೆ ನಂಬುವವರು ಯಾರು? ಬೀಗರು ಅದನ್ನು ತಮ್ಮ ಸೊಸೆ, ರಾಚಪ್ಪನ ಮಗಳು ಭಾಗ್ಯಜ್ಯೋತಿಯ ಸೋಗು ಎಂದರು. ರಾಚಪ್ಪನ ಹೆಂಡತಿ ಶಂಕ್ರೆವ್ವನೂ ಕಡಿಮೆಯಿರಲಿಲ್ಲ. "ನಾವೆಲ್ಲ ಶೇಂಗಾ ತಿಂದ ಬೆಳದೇವಿ, ಸತ್ತೇವೇನು?" ಎಂದಳು. ನಂಬಿದವನು ರಾಚಪ್ಪನೊಬ್ಬನೇ. ಅದಕ್ಕೇ ಮಗಳು ಕೂಸನ್ನು ಎತ್ತಿಕೊಂಡು ತವರಿಗೆ ಬಂದಿದ್ದಳು. "ಅಪ್ಪಾ, ಇಲ್ಲ್ಯಾದ್ರ ನನಗ ನಿದ್ದಿ ಬರ್ತೈತಿ" ಎಂದಿದ್ದಳು.

ಕೊಡಲಿಯ ಕಾವಿಗೂ ಕುರ್ಪಿಯ ಹಿಡಿಗೂ ರಾಚಪ್ಪ ಹಚ್ಚುತ್ತಿದ್ದುದು ಶೇಂಗಾ ಎಣ್ಣೆಯನ್ನೇ. ಈಗ ಅದರ ಹೆಸರೆತ್ತುವಂತಿಲ್ಲ. ವಾರ್ನಿಷ್ ವಾಸನೆಗೇ ಬೇಡವೆನಿಸಿತು. ಮೇಣ ಕೇಳಿದರೆ, ಅದು ಜೇನಿನದೋ ಮೇಣಬತ್ತಿಯದೋ ಅಂಗಡಿಯವನಿಗೇ ತಿಳಿಯದು. ಏನೂ ಹಚ್ಚದೆ ಬಿಟ್ಟರೆ ಸಿಬರೆದ್ದು ಎಳೆಯ ಅಂಗೈಗೆ ಚುಚ್ಚೀತು. ಕಡೆಗೆ ಕುಸುಬಿ ಎಣ್ಣೆ ನೆನಪಾಯಿತು. ತನ್ನ ಹೊಲದ್ದೇ ಕುಸುಬಿ, ಅಂಟು ಉಳಿಯದೆ ಒಣಗುವ ಎಣ್ಣೆ. ಹಣಮಂತ್ರಾಯನ ಗಾಣದಲ್ಲಿ ಹಾಕಿಸಿ ತಂದು, ತೆಳ್ಳಗೆ ಸವರಿ ಒಣಗಿಸಿದ. ಹಿಡಿ ಮಿರಮಿರ ಮಿಂಚಿತು, ಅಜ್ಜನ ಮುಖವೂ ಅರಳಿತು.

ಇವತ್ತು ಕಲ್ಮೇಶ ಮೊದಲ ಸಲ ಅಂಗಳದಲ್ಲಿ ಬಂಡಿ ನೂಕುತ್ತ, ನಡುನಡುವೆ ಹಿಡಿ ಚೀಪುತ್ತಿದ್ದ. ಆಗಲೇ ಹಣಮಂತ್ರಾಯ ಟೆಂಪೊ ನಿಲ್ಲಿಸಿ, ಎಮ್ಮೆಗೆ ಹಾಕುವ ಹಿಂಡಿಯ ಚೀಲ ಇಳಿಸಿದ.

"ಕಾಕಾ, ಅವತ್ತಿನ ನಿಮ್ಮ ಕುಸುಬಿ ಹಿಂಡಿ ಉಳದಿತ್ತು, ತಗೋರಿ. ಶೇಂಗಾ ಆಡಿಸಿದ ಬೆನ್ನಿಗೇ ನಿಮ್ಮದು ಹಾಕಿದ್ದೆ. ಒಂದೀಟು ಅದೂ ಕೂಡೇತಿ. ಎಮ್ಮಿ ಚಪ್ಪರಿಸಿ ತಿಂತೈತಿ!"

"ಗಾಣಾ ತೊಳೀಲಿಲ್ಲೇನೊ?"

"ಗಾಣಾ ಯಾರರ ತೊಳೀತಾರೇನ್ರಿ?"

ರಾಚಪ್ಪ ಹಾರಿ ಹೋಗಿ ಕೂಸನ್ನು ಎತ್ತಿಕೊಂಡ. ಮಗಳು ಅಡುಗೆಮನೆಯಲ್ಲಿದ್ದಳು. ಬಂಡಿ ಅಡಗಿಸಿಟ್ಟು ಬಾಯಿ ಒರೆಸಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ಅವಳ ಪಾಲಿಗೆ ಇದ್ದೊಂದು ನೆಲೆಯೂ ತಪ್ಪುತ್ತಿತ್ತು. ಹೇಳದೆ, ಆಮೇಲೆ ಉಸಿರು ಕಟ್ಟಿದರೆ?

"ಭಾಗ್ಯಾ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ. ಅವಳು ಓಡಿ ಬಂದಾಗ ಒಂದೇ ಉಸಿರಿಗೆ ಎಲ್ಲ ಹೇಳಿದ.

ಅವಳು ಕೂಸಿನ ಬಾಯಿ, ಕೈ ತೊಳೆದಳು, ಡಾಕ್ಟರು ಕೊಟ್ಟಿದ್ದ ಔಷಧ ತೆಗೆದುಕೊಂಡು ಟೆಂಪೊ ಹತ್ತಿದಳು. ಹಣಮಂತ್ರಾಯ ಎಲ್ಲರನ್ನೂ ಊರ ದವಾಖಾನೆಗೆ ಕರೆತಂದ. ಡಾಕ್ಟರು ನೋಡಿ, ಸಂಜೆಯವರೆಗೆ ಇಲ್ಲೇ ಇರಿ ಎಂದರು. ಬೆಂಚಿನ ಮೇಲೆ ಎಲ್ಲರ ಕಣ್ಣೂ ಆ ಪುಟ್ಟ ತುಟಿಯ ಮೇಲೆ. ಕೂಸು ಸೀನಿದರೆ ರಾಚಪ್ಪ ಎದ್ದು ನಿಲ್ಲುತ್ತಿದ್ದ. "ಏನೂ ಆಗಂಗಿಲ್ಲ ಬಿಡ್ರಿ" ಎಂದು ಗೊಣಗುತ್ತಿದ್ದ ಶಂಕ್ರೆವ್ವ ಕೂಡ ಬರಬರುತ್ತ ಮಾತು ನಿಲ್ಲಿಸಿ, ಮೊಮ್ಮಗನ ಎದೆಯ ಮೇಲೆ ಕೈಯಿಟ್ಟು ಕೂತಳು.

ಹೊತ್ತು ಇಳಿಯಿತು. ತುಟಿ ಬಾತುಕೊಳ್ಳಲಿಲ್ಲ. ಡಾಕ್ಟರು ಮನೆಗೆ ಹೋಗಲು ಹೇಳಿದರು.

"ನಾನೂ ನಿಮ್ಮ ಅತ್ತಿ ಮನಿಯವರಂಗ ಆದ್ನಲ್ಲವ್ವಾ" ಎಂದ ರಾಚಪ್ಪ, ಮಗಳ ಮುಖ ನೋಡಲಾರದೆ.

"ಅವತ್ತ ಕೂಸಿನ ತುಟಿ ಬಾತಾಗ ಅವರು ಮೊದಲ ಹೋಳಿಗಿ ತಾಟು ಅಡಗಿಸಿಟ್ರು, ಅಪ್ಪಾ. ಆಮ್ಯಾಲೆ ನನ್ನ ಕರದ್ರು. ನೀ ಮೊದಲ ನನ್ನ ಕರದಿ."

ರಾಚಪ್ಪ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು, ದವಾಖಾನೆ ಎನ್ನುವುದನ್ನೂ ಮರೆತು ಬಿಕ್ಕಿಬಿಕ್ಕಿ ಅತ್ತ.