ಮೂರನೆಯ ಸಲದ ಅಳತೆ

ಲೋಹದ ಕಣವನ್ನು ಆಮ್ಲವೊಂದು ಎಷ್ಟು ಬಿಗಿಯಾಗಿ ಹಿಡಿದಿರುತ್ತದೆ ಎಂಬುದಕ್ಕೆ ಒಂದು ಅಂಕಿ ಇರುತ್ತದೆ. ಊರೂರಿನವರು ಅಳೆದು ಅಚ್ಚು ಹಾಕಿಸಿದ ಅಂಥ ಅಂಕಿಗಳಲ್ಲಿ ಯಾವುದನ್ನು ನಂಬಬಹುದು, ಯಾವುದನ್ನು ಹೊಡೆದುಹಾಕಬೇಕು ಎಂದು ಆರಿಸಿ, ಅವನ್ನೆಲ್ಲ ಪಟ್ಟಿ ಮಾಡುತ್ತಿದ್ದ ಸಂಪಾದಕರಿಗೆ ತಿಳಿಸುವ ಕೆಲಸ 1996ರಲ್ಲಿ ಕೆ.ಆರ್. ಪೇಟೆಯ ರಸಾಯನಶಾಸ್ತ್ರದ ಮೇಷ್ಟ್ರು ಪುಟ್ಟರಾಜುವಿನ ತಲೆಗೆ ಬಂತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವನು ಯಾರ್ಯಾರದೋ ಅಂಕಿಗಳನ್ನು ಹೊಡೆದುಹಾಕಿದ. ನಲವತ್ತೊಂದನೆಯ ಲೇಖನ ಕೈಗೆ ಬಂತು. ಅದು ಅವನದೇ.

1979ರದು. ಮೊದಲ ಹೆಸರು ಗುರು ಸಿದ್ದರಾಜು ಅವರದು, ಎರಡನೆಯದು ಇವನದು. ತಾಮ್ರದ ಅಳತೆಯನ್ನು ಮೂರು ಸಲ ಮಾಡಿದ್ದೇವೆ, ಮೂರೂ ಹೊಂದಿವೆ ಎಂದು ಬರೆದಿತ್ತು. ಹೊಂದದೆ ಏನು ಮಾಡೀತು? ಮೂರನೆಯ ಸಲ ಕರೆಂಟೇ ಇರಲಿಲ್ಲ. ನೀರಿನ ತೊಟ್ಟಿ ಇಪ್ಪತ್ತೈದು ಡಿಗ್ರಿಯಲ್ಲಿ ನಿಲ್ಲದೆ ಅಳತೆ ಆಗುವಂತಿಲ್ಲ. ಎರಡು ದಿನ ಕಾದು ಸಾಕಾಗಿ, ಪುಟ್ಟರಾಜು ಎರಡನೆಯ ಸಲದ ಅಂಕಿಗಳನ್ನೇ ಕೊನೆಯಲ್ಲಿ ಅಷ್ಟಿಷ್ಟು ತಿದ್ದಿ ನೋಟ್‌ಬುಕ್ಕಿಗೆ ಇಳಿಸಿದ್ದ, ಪುಣ್ಯಾತ್ಮ.

ಮುಚ್ಚಿಟ್ಟರೆ ಕೇಳುವವರಿರಲಿಲ್ಲ. ಆದರೆ ಇದಕ್ಕಿಂತ ಸಣ್ಣ ತಪ್ಪಿಗೆ ಬೇರೆಯವರದನ್ನು ಹೊಡೆದುಹಾಕಿದ್ದನಲ್ಲ, ಯಾವ ಮುಖ ಇಟ್ಟುಕೊಂಡು ಇದನ್ನು ಉಳಿಸುವುದು? ಹೊಡೆದರೆ ಅಳಿಯುವುದು ಗುರುಗಳ ಹೆಸರು. ಇಡೀ ಬದುಕಿನಲ್ಲಿ ಅವರದು ಅಚ್ಚಾದ ಲೇಖನ ಅದೊಂದೇ. ಈಗ ಅವರು ನಾಗಮಂಗಲದ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು, ಡಾಕ್ಟರು ಕೈಚೆಲ್ಲಿದ್ದರು. ಪುಟ್ಟರಾಜು ಬಸ್ಸು ಹತ್ತಿದ.

ಗುರುಗಳ ಕೋಣೆಯಲ್ಲಿ ಆ ಲೇಖನದ ಮೊದಲ ಪುಟಕ್ಕೆ ಗಾಜಿನ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಗುರುಗಳ ಹೆಂಡತಿ ಚಿಕ್ಕಬೋರಮ್ಮ ಗಂಜಿ ಕುಡಿಸಿ ಒಳಗೆ ಹೋದಮೇಲೆ ಪುಟ್ಟರಾಜು ಎಲ್ಲವನ್ನೂ ಹೇಳಿದ.

ಗುರುಗಳು ಗೋಡೆಯ ಕಡೆ ಕಣ್ಣು ಹೊರಳಿಸಿದರು. "ನಂಗೊತ್ತಿತ್ತು ಕಣ್ಲಾ. ಕರೆಂಟೇ ಇರ್ನಿಲ್ಲ ಅಂತ ಅಟೆಂಡರ್ ಮಂಚಯ್ಯ ಅಂದಿದ್ದ. ನೀನೇ ಬಾಯ್ಬುಡ್ತೀಯ ಅಂತ ಒಂದ್ ವಾರ ಕಾದೆ. ಬುಡ್ಲಿಲ್ಲ. ಆಮೇಲೆ ನಾನೇ ಅಂಚೆಗೆ ಹಾಕ್ಬುಟ್ಟೆ."

"ಯಾಕ್ ಸಾ?"

"ಆಸೆ. ಇನ್ನೇನು? ಒಡ್ದಾಕ್ಬುಡು. ಇವಳ್ಗೆ ಮಾತ್ರ ಏಳ್ಬ್ಯಾಡ."

ಪುಟ್ಟರಾಜು ಕಾರಣವನ್ನು ಇದ್ದದ್ದು ಇದ್ದ ಹಾಗೆ ಬರೆದು, ಸಹಿ ಹಾಕಿ, ಮಂಗಳವಾರ ಸಂಪಾದಕರಿಗೆ ಕಳಿಸಿದ. ಶುಕ್ರವಾರ ಗುರುಗಳು ತೀರಿಕೊಂಡರು.

ಚಟ್ಟ ಎತ್ತುವ ಮೊದಲು ಚಿಕ್ಕಬೋರಮ್ಮ ಗೋಡೆಯ ಮೇಲಿನ ಆ ಕಟ್ಟನ್ನು ಇಳಿಸಿ, ಸೆರಗಿನಲ್ಲಿ ಗಾಜು ಒರೆಸಿ ಅವನ ಕೈಗಿತ್ತರು.

"ಮಕ್ಳಿಲ್ಲ ಮರಿಯಿಲ್ಲ ನಮ್ಗೆ. ಇದ್ರಲ್ಲಾದ್ರೂ ಅವ್ರ ಎಸ್ರು ಉಳೀತದಲ್ವಪ್ಪ?"

"ಉಳೀತದೆ ಕಣವ್ವ," ಎಂದ ಪುಟ್ಟರಾಜು. ಹದಿನೇಳು ವರ್ಷದ ಹಿಂದಿನಷ್ಟೇ ಸಲೀಸಾಗಿ ಬಂತು ಸುಳ್ಳು.