ಎರಡನೇ ಸಹಿ

ನಿರೀಕ್ಷಾಳ ಮೇಲೆ ನನಗೆ ಹೊಟ್ಟೆಕಿಚ್ಚು ಇತ್ತು. ಮುಚ್ಚಿಡುವುದಕ್ಕೇನಿದೆ? ಇತ್ತು, ಬೇಕಾದಷ್ಟು ಇತ್ತು. ಬೆಳಿಗ್ಗೆ ಅವಳ ಸ್ಕೂಟರ್ ಗೇಟಿನೊಳಗೆ ಬರುವುದನ್ನು ಕಂಡರೆ ಸಾಕು, ಆಗಷ್ಟೇ ಕುಡಿದ ಚಹಾ ನನಗೆ ಕಹಿಯಾಗುತ್ತಿತ್ತು.

ನನ್ನ ಹೆಸರು ಡ್ಯಾಫ್ನಿ. ಫಳ್ನೀರಿನ ಒಂದು ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಗಂಡಸರ ವಾರ್ಡಿನಲ್ಲಿ, ಹತ್ತೊಂಬತ್ತು ವರ್ಷದಿಂದ ನರ್ಸ್. ನಮ್ಮ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಆ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಆ ಕುರ್ಚಿ ನನಗೇ ಬರಬೇಕಿತ್ತು. ಇಡೀ ವಾರ್ಡಿಗೆ ಅದು ಗೊತ್ತಿತ್ತು. ಅದಕ್ಕೆ ಕೆಲವು ತಿಂಗಳ ಮೊದಲು ಉರ್ವದಿಂದ ಈ ನಿರೀಕ್ಷಾ ಬಂದಿದ್ದಳು. ಮೂವತ್ತು ವರ್ಷ, ಎಂಎಸ್ಸಿ, ಅದಕ್ಕೂ ಮೊದಲು ನರ್ಸಿಂಗ್ ಕಾಲೇಜಿನಲ್ಲಿ ಔಷಧಗಳ ಪಾಠ ಮಾಡಿದವಳು. ನನ್ನದು ಬರೇ ಡಿಪ್ಲೊಮಾ. ಅವಳ ಪ್ರೊಬೇಷನ್ ಮುಗಿಯಲು ಇನ್ನೂ ಒಂದು ತಿಂಗಳಿತ್ತು, ಆಗಲೇ ಕ್ಯಾಂಟೀನಿನಲ್ಲಿ ಪಿಸುಪಿಸು: "ಇನ್‌ಚಾರ್ಜ್ ಅವಳೇ ಆಗ್ಲಿಕ್ಕೂ ಸಾಕು ಮಾರಾಯ್ತಿ, ಈಗ ಓದಿದವರಿಗೇ ಕಾಲ."

ಬಂದ ತಿಂಗಳಲ್ಲೇ ಒಂದು ಕತೆಯಾಯಿತು. ಒಬ್ಬ ರೋಗಿಗೆ ಎಷ್ಟು ಆ್ಯಂಟಿಬಯಾಟಿಕ್ ಕೊಟ್ಟರೂ ಜ್ವರ ಇಳಿಯುತ್ತಿರಲಿಲ್ಲ. ಡಾಕ್ಟರ್ ಮಾತ್ರೆ ಬದಲಿಸುವುದರಲ್ಲಿದ್ದರು. ಇವಳು ಮೆತ್ತಗೆ ಹೇಳಿದಳು, "ಸರ್, ಮಾತ್ರೆಯನ್ನು ಹಾಲಿನ ಜೊತೆ ಕೊಡ್ತಾ ಇದ್ದಾರೆ. ಹಾಲಿನ ಕ್ಯಾಲ್ಸಿಯಂ ಈ ಮದ್ದನ್ನು ಹಿಡಿದಿಟ್ಟುಕೊಳ್ತದೆ, ರಕ್ತಕ್ಕೆ ಹೋಗ್ಲಿಕ್ಕೇ ಬಿಡುವುದಿಲ್ಲ." ನೀರಿನಲ್ಲಿ ಕೊಟ್ಟರು, ಎರಡು ದಿನದಲ್ಲಿ ಜ್ವರ ಇಳಿಯಿತು. ಡಾಕ್ಟರ್ ಎಲ್ಲರೆದುರು ಶಹಬ್ಬಾಸ್ ಅಂದರು. ಹಾಲು ಕೊಡುತ್ತಿದ್ದವಳು ಯಾರು? ನಾನು. ಯಾರೂ ನನ್ನ ಹೆಸರು ಎತ್ತಲಿಲ್ಲ, ಅವಳಂತೂ ನನ್ನ ಕಡೆ ತಿರುಗಿ ಸಹ ನೋಡಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಆ ಮರ್ಯಾದೆಯೇ ನನಗೆ ಉರಿ ಹತ್ತಿಸಿತು.

ಇನ್ನೊಂದು ಕತೆ ಈ ಸಹಿಯದ್ದು. ಇನ್ಸುಲಿನ್‌ನಂಥ ಅಪಾಯದ ಮದ್ದು ಕೊಡುವ ಮೊದಲು ಇಬ್ಬರು ನರ್ಸುಗಳು ಬೇರೆಬೇರೆಯಾಗಿ ನೋಡಿ, ಇಬ್ಬರೂ ಸಹಿ ಹಾಕಬೇಕೆಂದು ನಿಯಮ. ನಮ್ಮ ವಾರ್ಡಿನ ಪದ್ಧತಿ ಬೇರೆ. ಒಬ್ಬಳು ಸಿರಿಂಜಿಗೆ ಮದ್ದು ತುಂಬಿಸುವುದು, ಇನ್ನೊಬ್ಬಳು ಫೋನಿನಲ್ಲಿ ಮಾತಾಡುತ್ತಲೇ ಗೀಚುವುದು. ನೋಡಲು ಹೋದರೆ "ನನ್ನ ಮೇಲೆ ನಂಬಿಕೆ ಇಲ್ವಾ?" ಎಂದು ಮುಖ ಊದಿಸಿಕೊಳ್ಳುವವರೇ ಹೆಚ್ಚು. ನಿರೀಕ್ಷಾ ಬಂದವಳೇ ಟ್ರೇ ಹಿಡಿದು ಮುಂದೆ ನಿಲ್ಲತೊಡಗಿದಳು. ಬಾಟಲಿ ನೋಡಿ, ಸಿರಿಂಜ್ ನೋಡಿ, ಚೀಟಿ ನೋಡಿ! ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಎಂದು ನಾನು ನಕ್ಕೆ. ಬೇಕೆಂದೇ ಮುಖ ಆಚೆ ಮಾಡಿ ಸಹಿ ಹಾಕುತ್ತಿದ್ದೆ. ಎಲ್ಲರೂ ನೋಡುವ ಹಾಗೆ.

ಆರನೇ ಬೆಡ್ಡಿನಲ್ಲಿ ಮಣ್ಣಗುಡ್ಡದ ಮಾಯಿಲಪ್ಪಣ್ಣ ಇದ್ದರು. ಅರುವತ್ತೆಂಟು ವರ್ಷ, ಸಕ್ಕರೆ ಕಾಯಿಲೆ, ಕಾಲಿನ ಗಾಯ. ಅವರ ಹತ್ತಿರ ನಾನು ಸೂಜಿ ಹಿಡಿದುಕೊಂಡು ಹೋದರೆ, "ಆ ಬಾಲೆ ಬರ್ಲಿ ಸಿಸ್ಟರ್, ಅವಳು ಚುಚ್ಚಿದರೆ ಗೊತ್ತೇ ಆಗುವುದಿಲ್ಲ" ಎನ್ನುತ್ತಿದ್ದರು. ನನ್ನ ಕೈ ಏನು ಕೊಡಲಿಯೇ?

ಆ ಬುಧವಾರ ಅವರಿಗೆ ಕೊಡುವ ಇನ್ಸುಲಿನ್ ನಮ್ಮ ಫಾರ್ಮಸಿಯಲ್ಲಿ ಮುಗಿದಿತ್ತು. ಅವರ ಹೆಂಡತಿ ಕಿನ್ನಿಯಕ್ಕ ಮನೆಯ ಫ್ರಿಜ್ಜಿನಿಂದ ಬಾಟಲಿ ತಂದರು, ಮಗ ಕೌಶಲ್ ಕುವೈಟಿನಿಂದ ಕಳಿಸಿದ್ದು. ಮದ್ದು ಅದೇ, ಅದನ್ನೇ ಕೊಡಿ ಎಂದರು ಡಾಕ್ಟರ್. ಏಳೂವರೆಗೆ ನಿರೀಕ್ಷಾ ಟ್ರೇ ಹಿಡಿದು ನನ್ನ ಮುಂದೆ ನಿಂತಳು.

"ಡ್ಯಾಫ್ನಿ ಅಕ್ಕ, ಆರನೇ ಬೆಡ್, ಮಾಯಿಲಪ್ಪಣ್ಣ. ಇಪ್ಪತ್ತು ಯೂನಿಟ್. ಒಮ್ಮೆ ನೋಡಿ."

ಮುಖ ಆಚೆ ಮಾಡಿದವಳು ಯಾಕೋ ಓರೆಗಣ್ಣಿನಿಂದ ನೋಡಿದೆ.

ನಮ್ಮಲ್ಲಿ ಸಿಗುವ ಬಾಟಲಿಯಲ್ಲಿ ಒಂದು ಮಿಲಿಗೆ ನಲವತ್ತು ಯೂನಿಟ್ ಇರುತ್ತದೆ, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಗಲ್ಫಿನ ಬಾಟಲಿಯಲ್ಲಿ ನೂರು ಯೂನಿಟ್, ಅದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜೇ ಬೇಕು. ನನ್ನ ಮೈದುನ ಹ್ಯೂಬರ್ಟ್ ಆರು ವರ್ಷ ಅತ್ತೆಗೆ ಅಲ್ಲಿಂದಲೇ ಕಳಿಸುತ್ತಿದ್ದ, ಆ ಬಾಟಲಿಯ ಗುರುತು ನನಗೆ ಕತ್ತಲಲ್ಲೂ ಸಿಗುತ್ತದೆ. ನಿರೀಕ್ಷಾಳ ಟ್ರೇಯಲ್ಲಿದ್ದದ್ದು ನೂರರ ಬಾಟಲಿ, ಕೆಂಪು ಮುಚ್ಚಳದ ಸಿರಿಂಜ್. ಇಪ್ಪತ್ತರ ಗೆರೆಗೆ ತುಂಬಿಸಿದ್ದರೂ ಒಳಗಿದ್ದದ್ದು ಐವತ್ತು ಯೂನಿಟ್. ಅವಳಿಗೆ ತಿಳಿಯದ ವಿಷಯವೇನಲ್ಲ, ಮಕ್ಕಳಿಗೆ ಪಾಠ ಮಾಡಿದವಳು. ಆದರೆ ದಿನವೂ ಕೆಂಪನ್ನೇ ಹಿಡಿದ ಕೈ ತಾನಾಗಿ ಕೆಂಪಿಗೇ ಹೋಗುತ್ತದೆ. ಎರಡನೆಯವಳು ನೋಡಬೇಕು ಎನ್ನುವುದು ಅದಕ್ಕೇ.

ನನಗೆ ಸಂತೋಷವಾಯಿತು. ದೇವರಾಣೆ, ಸಂತೋಷವೇ ಆಯಿತು. ಎಂಎಸ್ಸಿಯಮ್ಮ ಕೊನೆಗೂ ಸಿಕ್ಕಿಬಿದ್ದಳಲ್ಲ! ಇಲ್ಲೇ ಹೇಳಿದರೆ ಯಾರಿಗೆ ಗೊತ್ತಾಗುತ್ತದೆ? "ಥ್ಯಾಂಕ್ಸ್ ಅಕ್ಕ" ಎಂದು ಬೇರೆ ಸಿರಿಂಜ್ ತೆಗೆದುಕೊಳ್ಳುತ್ತಾಳೆ, ಅಲ್ಲಿಗೆ ಮುಗಿಯಿತು. ನರ್ಸಿಂಗ್ ಸೂಪರಿಂಟೆಂಡೆಂಟ್ ರೊಸಾಲಿನ್ ಮೇಡಂ ರೌಂಡಿಗೆ ಬರುವ ಹೊತ್ತು ಅದು. ಅವರೆದುರು, ಬೆಡ್ಡಿನ ಪಕ್ಕದಲ್ಲಿ, ಸೂಜಿ ಚುಚ್ಚುವ ಮೊದಲು ಕೈ ಹಿಡಿದು "ನಿಲ್ಲು" ಎನ್ನಬೇಕು. ಹಾಲಿನ ಕತೆಗೆ ಉತ್ತರ ಅದು.

"ಸರಿ ಉಂಟು, ಹೋಗು," ಎಂದು ಸಹಿ ಹಾಕಿದೆ.

ಅವಳ ಹಿಂದೆಯೇ ಹೊರಟೆ. ಬಾಗಿಲಲ್ಲಿ ರೊಸಾಲಿನ್ ಮೇಡಂ ಎದುರಾದರು. ನನ್ನ ತೋಳು ಹಿಡಿದು ಕಾರಿಡಾರಿನ ಬದಿಗೆ ಕರೆದರು.

"ಡ್ಯಾಫ್ನಿ, ಸ್ವಲ್ಪ ಮಾತಾಡ್ಲಿಕ್ಕುಂಟು. ಒಂದನೇ ತಾರೀಕಿನಿಂದ ವಾರ್ಡ್ ನೋಡಿಕೊಳ್ಳುವ ವಿಷಯ. ನಿನ್ನ ಹೆಸರನ್ನೇ ಮೇಲೆ ಕಳಿಸಿದ್ದೇನೆ. ಇನ್ನೂ ಯಾರಿಗೂ ಹೇಳ್ಬೇಡ."

ಒಂದು ನಿಮಿಷ, ಮೇಡಂ, ಎನ್ನಲು ಎಷ್ಟು ಹೊತ್ತು ಬೇಕು? ನಾನು ಅನ್ನಲಿಲ್ಲ. ಹತ್ತೊಂಬತ್ತು ವರ್ಷ ಕಾದ ಮಾತು ಅದು. ಅವರು ಇನ್ನೊಮ್ಮೆ ಹೇಳಲಿ ಎಂದು ಬಾಯಿ ಬಿಟ್ಟುಕೊಂಡು ನಿಂತೆ. ಡ್ಯೂಟಿ ಪಟ್ಟಿ, ರಜೆ, ಇನ್‌ಚಾರ್ಜ್ ಉಡುವ ಸೀರೆಯ ಬಣ್ಣ ಎಲ್ಲ ಕೇಳಿದೆ. ಒಳಗೆ ಬಂದಾಗ ಮಾಯಿಲಪ್ಪಣ್ಣ ಅಂಗಿ ಕೆಳಗೆ ಎಳೆದುಕೊಳ್ಳುತ್ತಿದ್ದರು. ನಿರೀಕ್ಷಾ ಸೂಜಿಯನ್ನು ಡಬ್ಬಕ್ಕೆ ಹಾಕಿ ಆಗಿತ್ತು.

"ಸಾಯ್ಬಾ, ದೇವರೇ!" ನನ್ನ ಬಾಯಿಂದ ಕೂಗೇ ಬಂತು. "ಅದು ನೂರರ ಬಾಟಲಿ! ಐವತ್ತು ಹೋಗಿದೆ! ಡಾಕ್ಟರನ್ನು ಕರಿ, ಗ್ಲೂಕೋಸ್ ತಾ!"

ನಿರೀಕ್ಷಾ ಬಾಟಲಿ ನೋಡಿದಳು. ಮುಖ ಸುಣ್ಣದ ಹಾಗೆ ಬಿಳುಚಿತು, ಆದರೆ ಕೈ ನಿಲ್ಲಲಿಲ್ಲ. ಅವಳೇ ಸಕ್ಕರೆ ನೀರು ಕುಡಿಸಿದಳು, ಅವಳೇ ರಕ್ತನಾಳ ಹುಡುಕಿ ಡ್ರಿಪ್ ಹಾಕಿದಳು. ಆದರೂ ಹತ್ತು ಗಂಟೆಗೆ ಮಾಯಿಲಪ್ಪಣ್ಣ ನೀರಿಳಿಯುವಷ್ಟು ಬೆವರಿದರು, ನಾಲಿಗೆ ತೊದಲಿತು, ನನ್ನನ್ನು ನೋಡಿ "ಕಿನ್ನೀ, ಬಾಗಿಲು ಹಾಕು" ಎಂದರು. ರಕ್ತದ ಸಕ್ಕರೆ ನಲವತ್ತೊಂದಕ್ಕೆ ಇಳಿದಿತ್ತು. ಡಾಕ್ಟರ್ ಇನ್ನಷ್ಟು ಗ್ಲೂಕೋಸನ್ನು ನೇರ ರಕ್ತಕ್ಕೆ ಕೊಟ್ಟರು. ಆ ಐದು ನಿಮಿಷ ನಾನು ಅವರ ಪಾದ ಹಿಡಿದು ನಿಂತಿದ್ದೆ. ಪಾದ ತಣ್ಣಗಿತ್ತು. ಸತ್ತರೆ ಕೊಂದವಳು ನಾನೇ ಎಂದು ನನಗೆ ಗೊತ್ತಿತ್ತು, ಬೇರೆ ಯಾರಿಗೂ ಗೊತ್ತಿರಲಿಲ್ಲ.

ಅವರು ಕಣ್ಣು ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಗಂಜಿ ಕೇಳಿದರು. ಅಷ್ಟರಲ್ಲಿ ನಾನು ವಾರ್ಡಿನ ದೇವತೆಯಾಗಿದ್ದೆ. "ಡ್ಯಾಫ್ನಿಯ ಕಣ್ಣಿಗೆ ಬೀಳದಿದ್ದರೆ ಎಂತ ಆಗ್ತಿತ್ತು!" ಎಂದರು ಡಾಕ್ಟರ್, ಎಲ್ಲರೆದುರು. ಕಿನ್ನಿಯಕ್ಕ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಇಷ್ಟು ದಿನ ಬಯಸಿದ್ದು ಇದನ್ನೇ ಅಲ್ಲವೇ? ಆ ಕೈಗಳನ್ನು ಬಿಡಿಸಿಕೊಂಡು ಬಾತ್‌ರೂಮಿಗೆ ಓಡಿ ಚಿಲಕ ಹಾಕಿಕೊಂಡೆ.

ಮೂರು ಗಂಟೆಗೆ ರೊಸಾಲಿನ್ ಮೇಡಂ ನಮ್ಮಿಬ್ಬರನ್ನೂ ಆಫೀಸಿಗೆ ಕರೆದರು. ಮೇಜಿನ ಮೇಲೆ ವರದಿಯ ಫಾರಂ ಇತ್ತು. ನಿರೀಕ್ಷಾ ತನ್ನ ಭಾಗ ಬರೆದು ಮುಗಿಸಿದ್ದಳು, ಒಂದು ನೆಪವೂ ಇಲ್ಲದೆ.

"ಪ್ರೊಬೇಷನ್‌ನಲ್ಲಿ ಹೀಗಾದರೆ ಇಟ್ಟುಕೊಳ್ಳುವುದು ಕಷ್ಟ," ಎಂದರು ಮೇಡಂ ಅವಳಿಗೆ. ಆಮೇಲೆ ನನ್ನ ಕಡೆ ತಿರುಗಿದರು. "ಎರಡನೇ ಸಹಿ ನಿನ್ನದು. ಹಾಕುವಾಗ ಸಿರಿಂಜ್ ನೋಡಿದ್ದೆಯಾ?"

ನಾನು ಬಾಯಿ ತೆರೆಯುವ ಮೊದಲೇ ನಿರೀಕ್ಷಾ ಹೇಳಿದಳು, "ಇಲ್ಲ ಮೇಡಂ, ಅಕ್ಕ ಆಚೆ ನೋಡ್ತಾ ಇದ್ರು. ನನ್ನ ಮೇಲಿನ ನಂಬಿಕೆಯಿಂದ ಸಹಿ ಹಾಕಿದ್ರು. ಆಮೇಲೂ ತಪ್ಪು ಹಿಡಿದದ್ದು ಅವರೇ. ಅವರದ್ದು ತಪ್ಪಿಲ್ಲ."

ಮೇಡಂ ತಲೆಯಾಡಿಸಿದರು. ನೋಡದೆ ಸಹಿ ಹಾಕುವುದು ನಮ್ಮಲ್ಲಿ ಯಾರೂ ಮಾಡದ ಪಾಪವೇನಲ್ಲ. ಒಂದು ಎಚ್ಚರಿಕೆ ಪತ್ರ, ಅಷ್ಟೇ. ಕುರ್ಚಿ ನನ್ನದು, ಅವಳು ಆಸ್ಪತ್ರೆಯಿಂದಲೇ ಹೊರಗೆ. "ಇಲ್ಲ" ಎಂಬ ಎರಡಕ್ಷರ ಸಾಕಿತ್ತು, ಅದನ್ನೂ ಅವಳೇ ನನ್ನ ಪರವಾಗಿ ಹೇಳಿ ಆಗಿತ್ತು. ಇದರಲ್ಲೂ ನನಗಿಂತ ದೊಡ್ಡವಳಾದಳಲ್ಲ ಎಂದು ಆ ಗಳಿಗೆಯಲ್ಲೂ ನನಗೆ ಉರಿಯಿತು.

"ನೋಡಿದ್ದೆ," ಎಂದೆ.

ಮೇಡಂ ಪೆನ್ನು ಕೆಳಗಿಟ್ಟರು. "ಎಂತ?"

"ಬಾಟಲಿ ನೋಡಿದ್ದೆ, ಸಿರಿಂಜ್ ನೋಡಿದ್ದೆ. ಐವತ್ತು ಅಂತ ಗೊತ್ತಿತ್ತು. ನಿಮ್ಮೆದುರು ಇವಳನ್ನು ಹಿಡಿದುಕೊಡಬೇಕು ಅಂತ ಸಹಿ ಹಾಕಿ ಕಳಿಸಿದೆ. ಅಷ್ಟರಲ್ಲಿ ನೀವು ಇನ್‌ಚಾರ್ಜ್ ವಿಷಯ ಎತ್ತಿದ್ರಿ. ಕೇಳ್ತಾ ನಿಂತೆ."

ಮೇಡಂ ಫಾರಂ ನನ್ನ ಕಡೆ ತಿರುಗಿಸಿ ಪೆನ್ನು ಮುಂದೆ ದೂಡಿದರು. ನಿರೀಕ್ಷಾ ನನ್ನನ್ನೇ ನೋಡುತ್ತಿದ್ದಳು. ಬೈಯಲಿ, ಕೆನ್ನೆಗೆ ಒಂದು ಬಿಡಲಿ ಎಂದು ಕಾದೆ.

"ನಾನು ನಿಮಗೆ ಎಂತ ಮಾಡಿದ್ದೆ ಅಕ್ಕ?" ಎಂದು ಕೇಳಿದಳು.

"ಎಂತದೂ ಮಾಡ್ಲಿಲ್ಲ," ಎಂದೆ. "ಕೆಲಸ ಚೆನ್ನಾಗಿ ಮಾಡಿದೆ, ಅಷ್ಟೇ."