ವೃತ್ತಿಯ ಕಾಲಂ

2023ರ ನವೆಂಬರ್ 21ರಂದು ನನ್ನ ತಮ್ಮ ಹೊನ್ನಪ್ಪನ ಬಲ ಶ್ವಾಸಕೋಶದಲ್ಲಿ ಕಂಡ ಗಂಟುಗಳು ಮೂರು. ದೊಡ್ಡದರ ಅಳತೆ ಇಪ್ಪತ್ತೆಂಟು ಮಿಲಿಮೀಟರ್. ಸೂಜಿಯಿಂದ ತೆಗೆದ ಚೂರು ಪರೀಕ್ಷೆಗೆ ಸಾಲಲಿಲ್ಲ. ಸ್ಕ್ಯಾನ್ ನೋಡಿದ ಮೈಸೂರಿನ ವೈದ್ಯರು, ಕ್ಯಾನ್ಸರ್ ಇರಬೇಕು, ಶ್ವಾಸಕೋಶದ ಕೆಳಭಾಗವನ್ನು ಕೊಯ್ದು ತೆಗೆಯುವುದೇ ಕ್ಷೇಮ ಎಂದರು. ಡಿಸೆಂಬರ್ 18 ನಿಗದಿಯಾಯಿತು.

ಆಸ್ಪತ್ರೆಯ ಅರ್ಜಿ ತುಂಬಿದವನು ನಾನು; ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವನು. ವೃತ್ತಿಯ ಕಾಲಂನಲ್ಲಿ 'ಬೇಸಾಯ' ಎಂದು ಬರೆದೆ. ಕಿರಂಗೂರಿನಲ್ಲಿ ಅವನಿಗೆ ಒಂದೂವರೆ ಎಕರೆ ಇರುವುದು ನಿಜ. ಆದರೆ ಹತ್ತೊಂಬತ್ತು ವರ್ಷಗಳಿಂದ ಅವನು ಪಾಂಡವಪುರದ ಕಡೆಯ ಆಲೆಮನೆಯೊಂದರಲ್ಲಿ ಬೆಲ್ಲದ ಒಲೆಗೆ ರಚ್ಚು ಹಾಕುತ್ತಿದ್ದ. ಹಿಂಡಿದ ಕಬ್ಬಿನ ಆ ಸಿಪ್ಪೆ ಮಳೆಗೆ ನೆನೆದು ಬೂಷ್ಟು ಹಿಡಿದರೆ, ಕೆದರಿ ಒಣಗಿಸುವ ಕೆಲಸವೂ ಅವನದೇ. ನಮ್ಮ ಮನೆತನದವನನ್ನು ಕೂಲಿಯವನೆಂದು ಬರೆಯಲು ಕೈ ಏಳಲಿಲ್ಲ.

"ಆಲೆಮನೆ ಇಸ್ಯ ಯೋಳ್ಬಾರ್ದಾ ಬಾವ?" ಎಂದು ಅವನ ಹೆಂಡತಿ ಮಾಯಮ್ಮ ಕೇಳಿದಳು.

"ಕಾಯ್ಲೆ ಇರೋದು ಎದೇಲಿ, ಆಲೆಮನೇಲಲ್ಲ. ಸುಮ್ಕಿರು" ಎಂದೆ.

ಊರಿನಲ್ಲಿ ನೆರೆಮನೆಯ ಬೀರಯ್ಯ ಹೊನ್ನಪ್ಪನನ್ನು ತಡೆದು, "ಕದ್ದು ಬೀಡಿ ಸೇದ್ತಿದ್ದೆ ಕಣ್ಲಾ ನೀನು" ಎಂದ.

"ಇಂಗಾಯ್ತದೆ ಅಂತ ಗೊತ್ತಿದ್ರೆ ಸೇದೇ ಬುಡ್ತಿದ್ದೆ ಕಣ್ಲಾ" ಎಂದು ಹೊನ್ನಪ್ಪ ನಕ್ಕ, ನಗು ಕೆಮ್ಮಾಯಿತು.

ಡಿಸೆಂಬರ್ 17ರ ಮಧ್ಯಾಹ್ನ, ಅರಿವಳಿಕೆ ಕೊಡುವ ವೈದ್ಯೆ ವಾರ್ಡಿಗೆ ಬಂದು, ಕೆಮ್ಮು ಯಾವಾಗ ಹೆಚ್ಚೆಂದು ಕೇಳಿದರು.

"ರಚ್ಚು ಕೆದ್ರುವಾಗ ಕಣವ್ವ. ಬೂಷ್ಟು ಒಗೆ ಎದ್ದಂಗೆ ಏಳ್ತದೆ."

ಅವರು ಕಾಗದ ನೋಡಿದರು. "ಇಲ್ಲಿ ಬೇಸಾಯ ಅಂತ ಇದೆಯಲ್ಲ?"

ಹೊನ್ನಪ್ಪ ನನ್ನ ಮುಖ ನೋಡಿದ. "ಅದ್ನೂ ಮಾಡ್ತೀನಿ" ಎಂದ.

ಬೂಷ್ಟಿನಿಂದಲೂ ಇಂಥ ಗಂಟು ಕಟ್ಟಬಹುದೆಂದು ಮರುದಿನದ ಶಸ್ತ್ರಚಿಕಿತ್ಸೆಯನ್ನು ತಡೆಹಿಡಿದರು. ಮತ್ತೊಮ್ಮೆ ಸೂಜಿ ಹಾಕಿ, ಈ ಸಲ ಬೂಷ್ಟಿನ ಪರೀಕ್ಷೆಗೂ ಚೂರು ಕಳುಹಿಸಿದರು. ಒಂಬತ್ತನೆಯ ದಿನ ಉತ್ತರ ಬಂತು: ಕ್ಯಾನ್ಸರ್ ಇಲ್ಲ, ಶ್ವಾಸಕೋಶದಲ್ಲಿ ಶಿಲೀಂಧ್ರ ಬೇರೂರಿದೆ. ಕತ್ತಿಯ ಬದಲು ಆರು ತಿಂಗಳ ಮಾತ್ರೆ. ಜೂನ್ ಕೊನೆಗೆ ಎರಡು ಗಂಟು ಕರಗಿದ್ದವು. ದೊಡ್ಡದು ಒಂಬತ್ತು ಮಿಲಿಮೀಟರಿಗೆ ಇಳಿದಿತ್ತು.

ಅಂದು ಹೊಸ ಅರ್ಜಿ ಕೊಟ್ಟರು. ವೃತ್ತಿಯ ಕಾಲಂನಲ್ಲಿ 'ಆಲೆಮನೆ ಕೂಲಿ' ಎಂದು ಬರೆಯತೊಡಗಿದೆ. ಹೊನ್ನಪ್ಪ ನನ್ನ ಕೈ ಹಿಡಿದ.

"ಆ ಕೆಲ್ಸ ಬುಟ್ಬುಟ್ಟೆ ಕಣಣ್ಣ. ಈಗ ಬೇಸಾಯ ಅಂತ್ಲೇ ಬರಿ."

ಬರೆದೆ. ತಪ್ಪಾಯಿತು ಎಂಬ ಒಂದು ಮಾತು ಅವನಿಗೆ ನನ್ನಿಂದ ಸಲ್ಲಬೇಕು. ಅದಿನ್ನೂ ಸಂದಿಲ್ಲ.